ಮಕ್ಕಳ ಆಟವೂ ಹೆತ್ತವರ ದಾಸೋಹವೂ

ಶಿವಭಕ್ತನ ನಡೆನುಡಿಗಳಿಗೆ ಒರೆಗಲ್ಲು ಎಲ್ಲಿದೆಯೆಂದು ಕೇಳಿದವರಿಗೆ ಶರಣರು ಲೋಕವ್ಯವಹಾರದ ಕಡೆಗೇ ಕೈತೋರಿದರು. ಬೆಳಗಿನ ಲಿಂಗಾರ್ಚನೆಯ ವೇಳೆಯಲ್ಲಿ ಮನಸ್ಸನ್ನು ಒಂದು ಗಳಿಗೆ ನಿಲ್ಲಿಸಿಕೊಳ್ಳುವುದು ಅನೇಕರಿಗೆ ಸಾಧ್ಯ. ಅದೇ ಮನಸ್ಸು ಸಂತೆಯಲ್ಲಿ ತಕ್ಕಡಿ ಹಿಡಿದಾಗ, ಬದುವಿನ ತಂಟೆಯಲ್ಲಿ ನೆರೆಯವನಿಗೆ ಎದುರಾದಾಗ, ತನಗಿಂತ ಕಿರಿಯರೊಡನೆ ವ್ಯವಹರಿಸುವಾಗ ಹೇಗೆ ವರ್ತಿಸುತ್ತದೆಂಬುದರಲ್ಲಿ ನಿಜವಾದ ಪರೀಕ್ಷೆಯಿದೆ. ಇಂಥ ಪರೀಕ್ಷಾಸ್ಥಳಗಳ ಸಾಲಿಗೆ ಈಚಿನ ದಶಕಗಳಲ್ಲಿ ಮತ್ತೊಂದು ಸೇರಿಕೊಂಡಿದೆ. ಅದು ಮಕ್ಕಳು ಆಡುವ ಬಯಲು. ಆ ಬಯಲಿನ ಅಂಚಿನಲ್ಲಿ ನಿಂತ ತಂದೆತಾಯಿಗಳು ತಾವು ಮಕ್ಕಳ ಪರೀಕ್ಷೆಯನ್ನು ನೋಡುತ್ತಿರುವೆವೆಂದು ತಿಳಿದಿರುತ್ತಾರೆ. ವಾಸ್ತವವಾಗಿ ಅಲ್ಲಿ ನಡೆಯುತ್ತಿರುವುದು ಅವರ ಪರೀಕ್ಷೆಯೂ ಹೌದು.

ಹಿಂದೆ ಮಕ್ಕಳ ಆಟಕ್ಕೆ ಹಿರಿಯರ ಸಾಕ್ಷಿ ಬೇಕಾಗಿರಲಿಲ್ಲ. ಚಿನ್ನಿದಾಂಡು, ಲಗೋರಿ, ಕುಂಟೆಬಿಲ್ಲೆ, ಮರಕೋತಿ ಇವೆಲ್ಲ ಬೀದಿಯಲ್ಲಿಯೋ ತೋಪಿನಲ್ಲಿಯೋ ನಡೆದು, ಅಲ್ಲಿಯ ಜಗಳ ಅಲ್ಲಿಯೇ ತೀರಿ, ದೀಪ ಹಚ್ಚುವ ಹೊತ್ತಿಗೆ ಮಕ್ಕಳು ಮನೆ ಸೇರುತ್ತಿದ್ದರು. ಯಾರು ಗೆದ್ದರೆಂದು ತಾಯಿ ಕೇಳುತ್ತಿರಲಿಲ್ಲ. ಕೈಕಾಲು ತೊಳೆದಾಯಿತೇ ಎಂದು ಕೇಳುತ್ತಿದ್ದಳು. ಈಗ ಶಾಲೆಯ ಆಟಗಳಿಗೆ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳಾಗಿವೆ. ಪಟ್ಟಣಗಳಲ್ಲಿ ಕ್ರಿಕೆಟ್ಟು, ಬ್ಯಾಡ್ಮಿಂಟನ್, ಈಜು ಮೊದಲಾದವುಗಳಿಗೆ ತರಬೇತಿ ಕೇಂದ್ರಗಳೂ ಬೇಸಿಗೆಯ ಶಿಬಿರಗಳೂ ನಡೆಯುತ್ತವೆ. ತಂದೆತಾಯಿಗಳು ತಮ್ಮ ಕೆಲಸವನ್ನು ಬದಿಗಿಟ್ಟು, ಬಿಸಿಲಿನಲ್ಲಿ ನಿಂತು ಮಕ್ಕಳ ಆಟವನ್ನು ನೋಡುತ್ತಾರೆ. ಇದು ಸ್ವಾಗತಾರ್ಹವಾದ ಬದಲಾವಣೆಯೇ ಸರಿ. ಆದರೆ ಹಾಗೆ ಬಂದವರಲ್ಲಿ ಕೆಲವರ ನಡತೆ ನೋಡುವವರಿಗೆ ನೋವನ್ನುಂಟುಮಾಡುತ್ತದೆ. ಮಗನ ಕೈಯಿಂದ ಚೆಂಡು ಜಾರಿದರೆ ಹತ್ತು ಜನರೆದುರಿಗೆ ಗದರುವುದು, ತೀರ್ಪುಗಾರನನ್ನು ಏಕವಚನದಲ್ಲಿ ಬಯ್ಯುವುದು, ಎದುರು ತಂಡದ ಮಗು ಎಡವಿದಾಗ ಚಪ್ಪಾಳೆ ತಟ್ಟುವುದು, ತರಬೇತುದಾರನು ಒಂದು ಹೇಳುತ್ತಿರುವಾಗ ತಾವು ಮತ್ತೊಂದನ್ನು ಕೂಗುವುದು ಇವು ಅಪರೂಪದ ದೃಶ್ಯಗಳಲ್ಲ.

ಹೀಗೆ ಮಾಡುವವರು ದುಷ್ಟರೆಂದು ಹೇಳಲಾಗದು. ಮಕ್ಕಳ ಮೇಲೆ ಪ್ರೀತಿಯಿಲ್ಲದಿದ್ದರೆ ಅವರು ಅಲ್ಲಿಗೆ ಬರುತ್ತಲೇ ಇರಲಿಲ್ಲ. ಆದುದರಿಂದಲೇ ಈ ಪ್ರಶ್ನೆ ವಿಚಾರಾರ್ಹವಾಗಿದೆ. ದ್ವೇಷದಿಂದ ಆಗುವ ತಪ್ಪನ್ನು ಗುರುತಿಸುವುದು ಸುಲಭ. ಪ್ರೀತಿಯ ಹೆಸರಿನಲ್ಲಿ ಆಗುವ ತಪ್ಪನ್ನು ಗುರುತಿಸುವುದು ಕಷ್ಟ. ಪ್ರೀತಿಯು ಯಾವ ಗೆರೆಯನ್ನು ದಾಟಿದಾಗ ಮಮಕಾರವೆನಿಸಿಕೊಳ್ಳುತ್ತದೆ? ಮಗುವಿಗೆ ಆಸರೆಯಾಗಿ ನಿಲ್ಲುವುದಕ್ಕೂ ಮಗುವಿನ ಮೇಲೆ ಏರಿ ನಿಲ್ಲುವುದಕ್ಕೂ ಇರುವ ಅಂತರವೇನು? ಕಾಯಕ, ದಾಸೋಹ, ಪ್ರಸಾದ ಎಂಬ ಮೂರು ತತ್ತ್ವಗಳನ್ನು ನಿತ್ಯಜೀವನಕ್ಕೆ ಅಳವಡಿಸಿಕೊಂಡ ಶರಣಮಾರ್ಗದಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲದಿಲ್ಲ.

ಮೊದಲು ಕಾಯಕವನ್ನು ತೆಗೆದುಕೊಳ್ಳಬಹುದು. ಕಾಯಕವೆಂದರೆ ಹೊಟ್ಟೆಯ ಪಾಡಿಗಾಗಿ ಮಾಡುವ ದುಡಿಮೆ ಎಂದಷ್ಟೇ ತಿಳಿಯುವವರುಂಟು. ಶರಣರ ದೃಷ್ಟಿಯಲ್ಲಿ ಅದು ತನುಮನಗಳನ್ನು ಒಂದುಗೂಡಿಸಿ, ಕಪಟವಿಲ್ಲದೆ, ತನ್ನ ಪಾಲಿಗೆ ಬಂದುದನ್ನು ತಾನೇ ಮಾಡುವ ವ್ರತ. ಒಬ್ಬರ ಕಾಯಕವನ್ನು ಇನ್ನೊಬ್ಬರು ಮಾಡಲಾಗದು. ಗಂಡನ ಕಾಯಕದ ಪುಣ್ಯ ಹೆಂಡತಿಗೆ ತಾನಾಗಿ ಬಾರದು, ಗುರುವಿನದು ಶಿಷ್ಯನಿಗೆ ಬಾರದು. ಹೀಗಿರುವಲ್ಲಿ ಆಡುವ ವಯಸ್ಸಿನ ಮಗುವಿಗೆ ಆಟವೇ ಒಂದು ಕಾಯಕವೆಂದರೆ ತಪ್ಪಾಗದು. ನಿಯಮಕ್ಕೆ ತಲೆಬಾಗುವುದು, ಜೊತೆಯವರನ್ನು ನಂಬುವುದು, ಬಿದ್ದು ಏಳುವುದು, ಸೋತು ಮರುದಿನ ಮತ್ತೆ ಬರುವುದು ಇವನ್ನು ಮಗು ಪುಸ್ತಕದಿಂದ ಕಲಿಯುವುದಕ್ಕಿಂತ ಚೆನ್ನಾಗಿ ಬಯಲಿನಲ್ಲಿ ಕಲಿಯುತ್ತದೆ. ೧೯೮೯ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ ೩೧ನೆಯ ವಿಧಿಯು ವಿಶ್ರಾಂತಿಯನ್ನೂ ಆಟವನ್ನೂ ಮಗುವಿನ ಹಕ್ಕೆಂದು ಎಣಿಸಿದೆ. ಭಾರತವು ೧೯೯೨ರಲ್ಲಿ ಆ ಒಡಂಬಡಿಕೆಗೆ ಸೇರಿತು. ಆಟವು ಮಗುವಿನದೆಂಬ ಮಾತಿಗೆ ಧರ್ಮದ ಬೆಂಬಲವಿರುವಂತೆ ಲೋಕದ ಒಪ್ಪಿಗೆಯೂ ಇದೆ.

ಆಟ ಮಗುವಿನದೆಂಬುದನ್ನು ಮರೆತಾಗ ಏನಾಗುತ್ತದೆಂಬುದಕ್ಕೆ ಖೊಖೊ ಆಟವನ್ನೇ ನೋಡಬಹುದು. ಬೆನ್ನಟ್ಟುವ ತಂಡದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ನಡುವಿನ ಸಾಲಿನಲ್ಲಿ ಒಬ್ಬರು ಈ ಕಡೆಗೆ, ಮತ್ತೊಬ್ಬರು ಆ ಕಡೆಗೆ ಮುಖಮಾಡಿ ಕುಳಿತಿರುತ್ತಾರೆ. ಒಬ್ಬನು ಮಾತ್ರ ಓಡುತ್ತಿರುತ್ತಾನೆ. ಓಡುವವನು ಕುಳಿತವನ ಬೆನ್ನು ಮುಟ್ಟಿ ‘ಖೊ’ ಎಂದೊಡನೆ ಕುಳಿತವನು ಎದ್ದು ಬೆನ್ನಟ್ಟಬೇಕು. ಅದಕ್ಕೆ ಮುಂಚೆ ಎದ್ದರೆ ತಪ್ಪು, ತಡವಾಗಿ ಎದ್ದರೆ ನಷ್ಟ. ಬೆನ್ನ ಹಿಂದಿನಿಂದ ಬರುವ ಆ ಒಂದು ಅಕ್ಷರಕ್ಕಾಗಿ ಆ ಮಗು ಮೈಯೆಲ್ಲ ಕಿವಿಯಾಗಿ ಕುಳಿತಿರುತ್ತದೆ. ಆ ಹೊತ್ತಿನಲ್ಲಿ ಗೆರೆಯಾಚೆಯಿಂದ ತಂದೆಯೊಬ್ಬನು “ಏಳೋ, ಓಡೋ, ಏನು ನೋಡ್ತಿದ್ದೀಯ” ಎಂದು ಕೂಗಿದನೆನ್ನೋಣ. ಮಗುವಿಗೆ ಈಗ ಎರಡು ಕರೆಗಳು. ಜೊತೆಗಾರನ ಕರೆಗೆ ಓಗೊಡಬೇಕೋ ತಂದೆಯ ಕರೆಗೆ ಓಗೊಡಬೇಕೋ ಎಂಬ ಗೊಂದಲದಲ್ಲಿ ಅರೆಕ್ಷಣ ಕಳೆದುಹೋಗುತ್ತದೆ. ಓಡುತ್ತಿದ್ದ ಎದುರಾಳಿ ಕಂಬವನ್ನು ದಾಟಿ ಹೋಗಿರುತ್ತಾನೆ. ಕಬಡ್ಡಿಯಲ್ಲಿಯೂ ಹೀಗೆಯೇ. ದಾಳಿಗೆ ಹೋದ ಆಟಗಾರನ ‘ಕಬಡ್ಡಿ’ ಎಂಬ ಉಚ್ಚಾರ ಎಡೆಬಿಡದೆ ಸ್ಪಷ್ಟವಾಗಿ ತೀರ್ಪುಗಾರನಿಗೆ ಕೇಳಿಸುತ್ತಿರಬೇಕೆಂಬುದು ನಿಯಮ. ಸುತ್ತಲಿನ ಅಬ್ಬರದಲ್ಲಿ ಮಗುವಿನ ಉಸಿರೇ ಕೇಳಿಸದೆ ಹೋದರೆ, ಮಗುವಿಗೆ ಬಲ ತುಂಬಲೆಂದು ಎತ್ತಿದ ದನಿಯೇ ಮಗುವಿನ ದನಿಯನ್ನು ನುಂಗಿದಂತಾಯಿತು. ಮಗುವಿನ ಕಾಯಕಕ್ಕೆ ಹಿರಿಯರು ಕೈಹಾಕಿದ ಫಲವಿದು.

ಹಾಗಾದರೆ ತಂದೆತಾಯಿಗಳಿಗೆ ಅಲ್ಲಿ ಕೆಲಸವೇ ಇಲ್ಲವೇ? ಇದೆ, ಅದು ದಾಸೋಹ. ದಾನಕ್ಕೂ ದಾಸೋಹಕ್ಕೂ ಇರುವ ಭೇದವನ್ನು ವಚನಧರ್ಮದ ಅಭ್ಯಾಸಿಗಳು ಬಲ್ಲರು. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ‘ನಾನು ಕೊಟ್ಟೆ’ ಎಂಬ ಭಾವ ಕೊಟ್ಟ ವಸ್ತುವಿನ ಬೆನ್ನುಹತ್ತಿ ಹೋಗುತ್ತದೆ. ದಾಸೋಹದಲ್ಲಿ ಕೊಡುವವನು ದಾಸ. ಕೊಡುವ ಅವಕಾಶ ದೊರೆತುದಕ್ಕಾಗಿ ಅವನೇ ಕೃತಜ್ಞ. ಕೊಟ್ಟುದಕ್ಕೆ ಲೆಕ್ಕವಿಲ್ಲ, ಮರಳಿ ಬರಬೇಕೆಂಬ ನಿರೀಕ್ಷೆಯಿಲ್ಲ. ಮಗುವಿಗೆ ಬೂಟು ಕೊಡಿಸುವುದು, ನಸುಕಿನಲ್ಲಿ ಎದ್ದು ಬುತ್ತಿ ಕಟ್ಟುವುದು, ಬಸ್ಸು ಹಿಡಿದು ತಾಲ್ಲೂಕು ಕೇಂದ್ರಕ್ಕೆ ಕರೆದೊಯ್ಯುವುದು, ತರಬೇತಿಯ ಶುಲ್ಕ ತೆರುವುದು ಇವೆಲ್ಲ ಹೆತ್ತವರು ಮಾಡುವ ದಾಸೋಹವೇ. ಆದರೆ ಸೋತ ದಿನ “ನಿನಗಾಗಿ ಎಷ್ಟು ಸುರಿದೆವು ಗೊತ್ತೇ?” ಎಂಬ ಒಂದು ಮಾತು ಬಾಯಿಂದ ಬಿದ್ದರೆ ಆವರೆಗೆ ಮಾಡಿದ ದಾಸೋಹವೆಲ್ಲ ಸಾಲವಾಗಿ ಪರಿಣಮಿಸುತ್ತದೆ. ಸಾಲಗಾರನಿಗೆ ಸಾಹುಕಾರನ ಮುಖ ಕಂಡರೆ ಆಗುವ ಅಳುಕೇ ಆ ಮಗುವಿಗೆ ತಂದೆಯ ಮುಖ ಕಂಡಾಗ ಆಗತೊಡಗುತ್ತದೆ. ಗೆದ್ದು ತೀರಿಸಬೇಕಾದ ಸಾಲ ಅದು. ಗೆಲುವು ಮಗುವಿನ ಕೈಯಲ್ಲಿಲ್ಲ. ತೀರಿಸಲಾರದ ಸಾಲವನ್ನು ಹೊತ್ತ ಮಗು ಒಂದು ದಿನ ಹೊಟ್ಟೆನೋವೆಂದೋ ಓದುವುದಿದೆಯೆಂದೋ ನೆಪ ಹೇಳಿ ಆಟವನ್ನೇ ಬಿಟ್ಟುಬಿಡುತ್ತದೆ. ಹೆತ್ತವರಿಗೆ ಕಾರಣ ತಿಳಿಯುವುದೇ ಇಲ್ಲ.

ತನು, ಮನ, ಧನ ಈ ಮೂರನ್ನೂ ಸಮರ್ಪಿಸುವುದು ತ್ರಿವಿಧ ದಾಸೋಹ. ಇಂದಿನ ಗೃಹಸ್ಥರಲ್ಲಿ ಧನವನ್ನು ಕೊಡುವವರು ಅನೇಕರು. ತನುವನ್ನು ಕೊಟ್ಟು ಬಯಲಿನ ಅಂಚಿಗೆ ಬರುವವರೂ ಉಂಟು. ಅಲ್ಲಿಗೆ ಬಂದು ಕೈಯಲ್ಲಿಯ ಮೊಬೈಲಿನಲ್ಲಿ ಕಣ್ಣುನೆಟ್ಟು ಕುಳಿತವನು ತನುವನ್ನು ತಂದು ಮನವನ್ನು ಮನೆಯಲ್ಲಿ ಬಿಟ್ಟವನು. ಮನವಿಟ್ಟು ನೋಡುತ್ತಲೇ ಮಗುವಿನ ಗೆಲುವಿನಲ್ಲಿ ತನ್ನ ಹೆಸರನ್ನು ಹುಡುಕುವವನು ಇನ್ನೊಂದು ಬಗೆಯಲ್ಲಿ ಎಡವಿದವನು. ತಾನು ಚಿಕ್ಕಂದಿನಲ್ಲಿ ಆಗಲಾರದುದನ್ನು ಮಗನ ಮೂಲಕ ಆಗಬಯಸುವ ತಂದೆ, ನೆರೆಮನೆಯ ಹುಡುಗಿಗಿಂತ ತನ್ನ ಮಗಳು ಒಂದು ಪದಕ ಹೆಚ್ಚು ತರಲೆಂದು ಹಾರೈಸುವ ತಾಯಿ ಇವರಿಬ್ಬರೂ ಮಗುವನ್ನು ನೋಡುತ್ತಿಲ್ಲ. ಮಗುವೆಂಬ ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತಿದ್ದಾರೆ. ಲಿಂಗಕ್ಕೆ ಅರ್ಪಿಸಬೇಕಾದ ಮನವನ್ನು ಅಹಂಕಾರಕ್ಕೆ ಅರ್ಪಿಸಿದಂತೆಯೇ ಇದೂ ಸಹ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ಭಕ್ತರ ಮನೆಗಳಲ್ಲಿ ಪರಿಚಿತವಾದುದು. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಈ ಹೆಚ್ಚಳ ಆಸೆಯ ಗುರುತೆಂದು ಲಕ್ಕಮ್ಮ ಎಚ್ಚರಿಸಿ, ಮಿಕ್ಕುದನ್ನು ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದಳೆಂದು ಪ್ರತೀತಿ. ತನ್ನ ಪಾಲಿಗೆ ಸಲ್ಲುವಷ್ಟನ್ನೇ ಇಟ್ಟುಕೊಳ್ಳುವ ಈ ವಿವೇಕ ಕ್ರೀಡಾರಂಗದಲ್ಲಿಯೂ ಕಾಣಬರುವುದುಂಟು. ೨೦೧೮ರಲ್ಲಿ ಭಾರತದ ಹತ್ತೊಂಬತ್ತು ವರ್ಷದೊಳಗಿನವರ ಕ್ರಿಕೆಟ್ ತಂಡ ನ್ಯೂಜಿಲೆಂಡಿನಲ್ಲಿ ವಿಶ್ವಕಪ್ಪನ್ನು ಗೆದ್ದಿತು. ಮಂಡಳಿಯು ತರಬೇತುದಾರ ರಾಹುಲ್ ದ್ರಾವಿಡರಿಗೆ ೫೦ ಲಕ್ಷ ರೂಪಾಯಿಗಳನ್ನೂ ಅವರ ಸಹಾಯಕ ಸಿಬ್ಬಂದಿಯಲ್ಲಿ ಪ್ರತಿಯೊಬ್ಬರಿಗೆ ೨೦ ಲಕ್ಷ ರೂಪಾಯಿಗಳನ್ನೂ ಘೋಷಿಸಿತು. ದುಡಿಮೆ ಎಲ್ಲರದೂ ಆಗಿರುವಾಗ ಈ ತಾರತಮ್ಯ ಸಲ್ಲದೆಂದು ಬೆಂಗಳೂರಿನಲ್ಲಿ ಬೆಳೆದ ಆ ಆಟಗಾರರು ಭಾವಿಸಿದುದರಿಂದ, ಕೊನೆಗೆ ಅವರಿಗೂ ಉಳಿದವರಿಗೂ ಸಮನಾಗಿ ೨೫ ಲಕ್ಷ ನಿಗದಿಯಾಯಿತು. ಮಕ್ಕಳು ಗೆದ್ದಾಗ ಬೆಳೆಸಿದವರ ಪಾಲು ಎಷ್ಟೆಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ. ಮಗುವಿನ ಗೆಲುವಿನಿಂದ ಹೆತ್ತವರು ಪಡೆಯಬಹುದಾದ ಸಂತೋಷ ಒಂದು ಹಿಡಿ. ಅದಕ್ಕಿಂತ ಮಿಕ್ಕುದನ್ನು ಲಕ್ಕಮ್ಮನ ಮಾತಿನಂತೆ ಮಗುವಿನ ಅಂಗಳದಲ್ಲಿಯೇ ಸುರಿದು ಬರುವುದು ಲೇಸು.

ಮೂರನೆಯದು ಪ್ರಸಾದ. ಷಟ್‌ಸ್ಥಲಗಳಲ್ಲಿ ಭಕ್ತ, ಮಾಹೇಶ್ವರ ಸ್ಥಲಗಳ ತರುವಾಯ ಬರುವುದು ಪ್ರಸಾದಿಸ್ಥಲ. ಬಂದುದನ್ನು ಶಿವಾರ್ಪಿತವಾಗಿಸಿ ಸ್ವೀಕರಿಸುವವನು ಪ್ರಸಾದಿ. ಸಿಹಿಯಾದುದನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಕಹಿಯಾದುದನ್ನು ಉಗುಳುವವನಲ್ಲ. ಆಟದಲ್ಲಿ ಗೆಲುವಿನಂತೆಯೇ ಸೋಲೂ ಬರುತ್ತದೆ. ಎರಡು ತಂಡಗಳು ಆಡಿದಲ್ಲಿ ಸಾಮಾನ್ಯವಾಗಿ ಒಂದು ಸೋಲಲೇಬೇಕು. ಸೋಲನ್ನು ಸ್ವೀಕರಿಸಲು ಬಾರದವನು ಆಟದ ಅರ್ಧವನ್ನೇ ಒಪ್ಪಿಕೊಂಡವನು. ಮಗು ಸೋತು ಮರಳುವ ಹಾದಿ ಈ ತತ್ತ್ವದ ನಿಜವಾದ ಪರೀಕ್ಷಾಸ್ಥಳ. ಬೈಕಿನ ಹಿಂದೆ ಕುಳಿತ ಮಗು ಏನನ್ನೂ ಹೇಳುವುದಿಲ್ಲ. ಮುಂದೆ ಕುಳಿತ ತಂದೆ ಆ ಮೌನವನ್ನು ಸಹಿಸಲಾರದೆ, ಎಲ್ಲಿ ತಪ್ಪಾಯಿತು, ಆ ಹುಡುಗ ಬಂದಾಗ ನೀನೇಕೆ ಸರಿಯಲಿಲ್ಲ, ನಿನ್ನೆ ಹೇಳಿದ್ದನ್ನೇಕೆ ಮರೆತೆ ಎಂದು ವಿಚಾರಣೆಗೆ ತೊಡಗುತ್ತಾನೆ. ಅವನ ಪ್ರತಿಯೊಂದು ಮಾತೂ ನಿಜವಿರಬಹುದು. ಆದರೆ ಆ ಹೊತ್ತಿಗೆ ಅದು ಬೇಕಾಗಿಲ್ಲ. ತನ್ನ ತಪ್ಪು ಎಲ್ಲಿಯಾಯಿತೆಂಬುದು ಮಗುವಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ತಿದ್ದುವುದಕ್ಕೆ ತರಬೇತುದಾರನಿದ್ದಾನೆ, ನಾಳೆಯಿದೆ. ಮನೆಗೆ ಬಂದ ಮಗುವಿನ ಎಲೆಗೆ ಬಡಿಸುವ ಅನ್ನ ಗೆದ್ದ ದಿನವೂ ಸೋತ ದಿನವೂ ಒಂದೇ ಬಿಸಿಯಾಗಿರಬೇಕು. ಗೆದ್ದರೆ ಹೋಳಿಗೆ, ಸೋತರೆ ಸಿಡುಕು ಎಂಬ ಮನೆಯಲ್ಲಿ ಮಗು ಕಲಿಯುವ ಪಾಠ ಒಂದೇ: ತನ್ನ ಬೆಲೆ ತಾನು ತರುವ ಪದಕದಷ್ಟು. ಲಿಂಗವನ್ನು ಅಂಗದ ಮೇಲೆ ಧರಿಸಿದ ಮಗುವಿಗೆ, ನಿನ್ನೊಳಗೆ ಶಿವನಿದ್ದಾನೆಂದು ಬೋಧಿಸುವ ಮನೆಯಲ್ಲಿಯೇ ಇಂಥ ಪಾಠವನ್ನೂ ಕಲಿಸಿದರೆ ಆ ಎರಡರಲ್ಲಿ ಯಾವುದನ್ನು ಮಗು ನಂಬೀತು?

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಒತ್ತಾಯವಿಲ್ಲದೆ ಮಕ್ಕಳು ಮೇಲೆ ಬಂದಾರೇ? ಹಿರಿಯರು ಗದರಿ ಬೆಳೆಸಿದ್ದರಿಂದಲೇ ದೊಡ್ಡ ಆಟಗಾರರಾದವರಿಲ್ಲವೇ? ಈ ಆಕ್ಷೇಪದಲ್ಲಿ ಸತ್ಯಾಂಶ ಇಲ್ಲದಿಲ್ಲ. ಶ್ರಮವಿಲ್ಲದೆ ಯಾವ ವಿದ್ಯೆಯೂ ಬಾರದು. ಸೋಮಾರಿತನವನ್ನು ಶರಣರು ಎಂದೂ ಮನ್ನಿಸಲಿಲ್ಲ. ಒಪ್ಪಿಕೊಂಡ ಅಭ್ಯಾಸಕ್ಕೆ ತಪ್ಪದೆ ಹೋಗಬೇಕು, ತಂಡಕ್ಕೆ ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕು ಎಂದು ಮಗುವಿಗೆ ಹೇಳುವುದು ತಂದೆತಾಯಿಗಳ ಕರ್ತವ್ಯವೇ. ಆದರೆ ಶ್ರಮವನ್ನು ಕೇಳುವುದು ಬೇರೆ, ಫಲವನ್ನು ಕೇಳುವುದು ಬೇರೆ. ಶ್ರಮ ಮಗುವಿನ ಅಧೀನ. ಫಲ ಎದುರಾಳಿಯ ಬಲ, ಅಂದಿನ ನೆಲ, ತೀರ್ಪುಗಾರನ ಕಣ್ಣು ಮೊದಲಾದ ಹತ್ತು ಸಂಗತಿಗಳ ಅಧೀನ. ತನ್ನ ಅಧೀನದಲ್ಲಿರುವುದಕ್ಕಾಗಿ ಹೊಣೆ ಹೊರಿಸಿದರೆ ಮಗು ಬಲಗೊಳ್ಳುತ್ತದೆ. ಅಧೀನದಲ್ಲಿಲ್ಲದುದಕ್ಕಾಗಿ ಹೊಣೆ ಹೊರಿಸಿದರೆ ಭಯಗೊಳ್ಳುತ್ತದೆ. ಗದರಿಕೆಯಿಂದ ಮೇಲೆ ಬಂದವರ ಹೆಸರು ಲೋಕಕ್ಕೆ ಗೊತ್ತು. ಗದರಿಕೆಯಿಂದ ಬಯಲು ಬಿಟ್ಟುಹೋದವರ ಹೆಸರನ್ನು ಯಾರೂ ಬರೆದಿಡುವುದಿಲ್ಲ.

ಫಲದ ಮೇಲಣ ಈ ಆಸೆ ಹೆಚ್ಚಿದಾಗ ಸತ್ಯಕ್ಕೇ ಚ್ಯುತಿ ಬರುತ್ತದೆಂಬುದಕ್ಕೆ ವಯಸ್ಸಿನ ಸುಳ್ಳು ನಿದರ್ಶನವಾಗಿದೆ. ಹದಿನಾಲ್ಕು, ಹದಿನಾರು ವರ್ಷದೊಳಗಿನವರ ಪಂದ್ಯಗಳಲ್ಲಿ ಆಡಿಸಲೆಂದು ಜನನಪತ್ರದಲ್ಲಿ ಒಂದೆರಡು ವರ್ಷ ಕಡಿಮೆ ಬರೆಸುವವರಿದ್ದಾರೆ. ಇದನ್ನು ತಡೆಯಲು ಮಣಿಕಟ್ಟಿನ ಎಲುಬಿನ ಬೆಳವಣಿಗೆಯನ್ನು ಕ್ಷಕಿರಣದಿಂದ ಪರೀಕ್ಷಿಸುವ ಕ್ರಮವನ್ನು ಕ್ರಿಕೆಟ್ ಮಂಡಳಿಯು ಅನುಸರಿಸಬೇಕಾಯಿತು. ೨೦೧೫ರಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸವನ್ನು ನೀಡಿದ ರಾಹುಲ್ ದ್ರಾವಿಡರು ಈ ವಿಷಯವನ್ನೇ ಎತ್ತಿಕೊಂಡು, ವಯಸ್ಸನ್ನು ಮರೆಮಾಚುವುದು ಪಂದ್ಯವನ್ನು ಮಾರಿಕೊಳ್ಳುವುದಕ್ಕಿಂತ ಭಿನ್ನವಲ್ಲವೆಂಬ ಅರ್ಥದಲ್ಲಿ ಎಚ್ಚರಿಸಿದರು. ವಿಚಾರಮಾಡಿದರೆ ಇದರಲ್ಲಿ ಎರಡು ಪಾಪಗಳಿವೆ. ನಿಜವಾಗಿ ಆ ವಯಸ್ಸಿನವನಾದ ಬೇರೊಂದು ಮಗುವಿನ ಸ್ಥಾನವನ್ನು ಕಸಿದುದು ಒಂದು. ತನ್ನ ಮಗುವಿಗೆ ಸುಳ್ಳಿನ ಮೊದಲ ದೀಕ್ಷೆಯನ್ನು ಹೆತ್ತವರೇ ಕೊಟ್ಟುದು ಮತ್ತೊಂದು. ಶರಣರು ಕಾಯಕಕ್ಕೆ ಸತ್ಯಶುದ್ಧವೆಂಬ ವಿಶೇಷಣವನ್ನು ಸುಮ್ಮನೆ ಸೇರಿಸಲಿಲ್ಲ. ಅಶುದ್ಧವಾದ ದ್ರವ್ಯ ಲಿಂಗಕ್ಕೆ ಸಲ್ಲದೆಂದ ಮೇಲೆ ಅಶುದ್ಧವಾದ ಪದಕವನ್ನು ದೇವರ ಮುಂದಿಟ್ಟು ನಮಸ್ಕರಿಸಿದರೆ ಅದು ಸಂದೀತೇ?

ಬಯಲಿನಲ್ಲಿ ಅನ್ಯರೊಡನೆ ನಡೆದುಕೊಳ್ಳುವ ಬಗೆಗೆ ಪಂಚಾಚಾರಗಳಲ್ಲಿ ಎರಡು ದಾರಿ ತೋರುತ್ತವೆ. ಒಂದು ಭೃತ್ಯಾಚಾರ: ತಾನು ಎಲ್ಲರಿಗಿಂತ ಕಿರಿಯನೆಂಬ ವಿನಯ. ತೀರ್ಪುಗಾರನು ತಪ್ಪು ಮಾಡಬಹುದು. ಅವನೂ ಹಲವು ವೇಳೆ ಯಾವುದೋ ಶಾಲೆಯ ಉಪಾಧ್ಯಾಯನೇ ಆಗಿದ್ದು ಬೆಳಗಿನಿಂದ ಬಿಸಿಲಿನಲ್ಲಿ ಸೀಟಿ ಹಿಡಿದು ನಿಂತವನು. ಅವನ ತೀರ್ಪನ್ನು ತಂದೆ ಬಯ್ದರೆ, ನಿಯಮವು ತನಗೆ ಅನುಕೂಲವಾದಾಗ ಮಾತ್ರ ಮಾನ್ಯವೆಂದು ಮಗು ತಿಳಿಯುತ್ತದೆ. ಎದುರು ತಂಡದಲ್ಲಿಯೂ ಇಷ್ಟೇ ವಯಸ್ಸಿನ, ಇಷ್ಟೇ ಆಸೆಯಿಂದ ಬಂದ ಮಕ್ಕಳಿದ್ದಾರೆ. ಪರರೆಂಬ ಗೋಡೆಯನ್ನು ಒಡೆದು ಸಕಲರನ್ನೂ ಒಂದೇ ಮನೆಯವರೆಂದು ಬಗೆದ ಬಸವಣ್ಣನವರ ಅನುಯಾಯಿಗಳು ಎದುರು ತಂಡದ ಒಳ್ಳೆಯ ಆಟಕ್ಕೆ ಚಪ್ಪಾಳೆ ತಟ್ಟಲು ಹಿಂಜರಿಯಬೇಕಾಗಿಲ್ಲ.

ಮತ್ತೊಂದು ಗಣಾಚಾರ: ಅನ್ಯಾಯ ಕಂಡಲ್ಲಿ ಸುಮ್ಮನಿರದಿರುವುದು. ವಿನಯವೆಂದರೆ ಎಲ್ಲವನ್ನೂ ಸಹಿಸುವುದೆಂದು ಭ್ರಮಿಸಬಾರದು. ಕಾಲು ಉಳುಕಿದ ಮಗುವನ್ನು ಬಲವಂತದಿಂದ ಆಡಿಸಿದಾಗ, ಬಾಸುಂಡೆ ಬರುವಂತೆ ಹೊಡೆದಾಗ, ಜಾತಿಯನ್ನೆತ್ತಿ ಹೀಯಾಳಿಸಿದಾಗ, ಮೈಮುಟ್ಟುವಲ್ಲಿ ಅನುಚಿತವಾಗಿ ನಡೆದಾಗ ತಂದೆತಾಯಿಗಳು ತಡಮಾಡದೆ ಎದುರು ನಿಲ್ಲತಕ್ಕದ್ದು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸಲು ೨೦೧೨ರಲ್ಲಿ ಕೇಂದ್ರ ಸರ್ಕಾರದ ಪ್ರತ್ಯೇಕ ಕಾಯಿದೆಯೇ ಆಗಿದೆ. ಇಂಥ ಸಂಗತಿ ನಡೆದಾಗ ಮಗು ಮನೆಯಲ್ಲಿ ಬಾಯಿಬಿಟ್ಟು ಹೇಳಬೇಕಾದರೆ, ಹೇಳಿದುದನ್ನು ಕೇಳುವ ಕಿವಿ ಅಲ್ಲಿ ಮೊದಲಿನಿಂದಲೂ ಇರಬೇಕು. ಒಂದು ಗೋಲು ತಪ್ಪಿದ್ದಕ್ಕೆ ಗದರುವ ತಂದೆಗೆ ಮಗು ಅಷ್ಟು ದೊಡ್ಡ ನೋವನ್ನು ಹೇಗೆ ತಾನೆ ಹೇಳೀತು? ಅಂಕ ಹೋದಾಗ ಕೂಗಿ ಅನ್ಯಾಯವಾದಾಗ ಮೌನವಾಗಿರುವುದು ಲೋಕದ ರೂಢಿ. ಅಂಕ ಹೋದಾಗ ಮೌನವಾಗಿದ್ದು ಅನ್ಯಾಯವಾದಾಗ ಮಾತನಾಡುವುದು ಶರಣರ ರೀತಿ.

ಹೆಣ್ಣುಮಕ್ಕಳ ವಿಷಯದಲ್ಲಿ ಕೆಲವು ಮನೆಗಳಲ್ಲಿ ದೋಷ ಇನ್ನೊಂದು ಬಗೆಯದು. ಅಲ್ಲಿ ಕೂಗಾಟವಿಲ್ಲ; ಬರುವವರೇ ಇಲ್ಲ. ಮಗನ ಪಂದ್ಯಕ್ಕೆ ರಜೆ ಹಾಕುವ ತಂದೆ ಮಗಳ ಪಂದ್ಯದ ದಿನ ಮರೆತಿರುತ್ತಾನೆ. ದೊಡ್ಡವಳಾದಳೆಂದು ಆಟವನ್ನೇ ಬಿಡಿಸುವ ಮನೆಗಳೂ ಉಂಟು. ಅನುಭವ ಮಂಟಪದಲ್ಲಿ ಅಕ್ಕಮಹಾದೇವಿಗೆ ದೊರೆತ ಗೌರವವನ್ನು ಕೊಂಡಾಡುವವರು ಮನೆಯ ಮಗಳನ್ನು ಬಯಲಿಗೆ ಕಳುಹಿಸಲು ಅಂಜುವುದು ವಿಚಿತ್ರವೇ ಸರಿ. ೨೦೨೫ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಬಾರಿಗೆ ನಡೆದ ಖೊಖೊ ವಿಶ್ವಕಪ್ಪಿನಲ್ಲಿ ನೇಪಾಳವನ್ನು ಸೋಲಿಸಿ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರು ಗ್ರಾಮದ ಬಿ. ಚೈತ್ರಾ ಅವರೂ ಇದ್ದರು. ಹಳ್ಳಿಯ ಬಯಲಿನಿಂದ ಅಲ್ಲಿಯವರೆಗೆ ದಾರಿಯಿದೆಯೆಂಬುದು ಇದರಿಂದ ಸಿದ್ಧವಾಯಿತು. ಆದರೆ ಎಲ್ಲ ಹುಡುಗಿಯರೂ ಅಷ್ಟು ದೂರ ಹೋಗಬೇಕೆಂದಿಲ್ಲ. ಹೋಬಳಿಯ ಪಂದ್ಯದಲ್ಲಿ ಮೊದಲ ಸುತ್ತಿನಲ್ಲಿಯೇ ಸೋಲುವ ಹುಡುಗಿಯೂ ತಲೆಯೆತ್ತಿ ನೋಡಿದಾಗ ಗುಂಪಿನಲ್ಲಿ ತನ್ನವರದೊಂದು ಮುಖ ಕಾಣುವಂತಿದ್ದರೆ ಅವಳ ಪಾಲಿಗೆ ಅದೇ ಸಾಕು.

ಈ ಪ್ರಶ್ನೆ ಕನ್ನಡನಾಡೊಂದರದೇ ಅಲ್ಲ. ೧೯೯೯ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಉತ್ತರ ಭಾಗದಲ್ಲಿ ಬಾಲಕಿಯರ ಫುಟ್‌ಬಾಲ್ ಪಂದ್ಯಗಳನ್ನು ನಡೆಸುವವರು ಒಂದು ಭಾನುವಾರವನ್ನು ಮೌನದ ದಿನವೆಂದು ಗೊತ್ತುಮಾಡಿ, ಹೆತ್ತವರು ಬಯಲಿನ ಅಂಚಿನಲ್ಲಿ ಕೂಗದೆ ನೋಡಬೇಕೆಂದು ವಿಧಿಸಿದರು. ನಾರ್ವೆಯ ಕ್ರೀಡಾಸಂಘವು ೨೦೦೭ರಲ್ಲಿ ಅಂಗೀಕರಿಸಿದ ಮಕ್ಕಳ ಕ್ರೀಡಾಹಕ್ಕುಗಳ ನಿಯಮದಲ್ಲಿ ಹನ್ನೊಂದು ವರ್ಷ ತುಂಬುವ ಮುನ್ನ ಸೋಲುಗೆಲುವಿನ ಶ್ರೇಯಾಂಕಪಟ್ಟಿಯನ್ನು ಪ್ರಕಟಿಸಬಾರದೆಂದು ಇದೆ. ನೆರೆಯ ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪನವರು ೧೯೯೭ರಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವ ಇನ್ನೊಂದು ದಾರಿಯನ್ನು ತೋರಿಸುತ್ತದೆ. ಅಲ್ಲಿ ಒಂದು ಮನೆತನದ ಹಿರಿಯರೂ ಕಿರಿಯರೂ ಒಂದೇ ತಂಡದಲ್ಲಿ ಕೋಲು ಹಿಡಿದು ಇಳಿಯುತ್ತಾರೆ. ತಾನೂ ಓಡಿ, ಏದುಸಿರುಬಿಟ್ಟು, ಸುಲಭವಾದ ಚೆಂಡನ್ನು ತಪ್ಪಿಸಿಕೊಂಡ ತಂದೆ ಮಗನ ತಪ್ಪಿಗೆ ಮೊದಲಿನಂತೆ ಕೆರಳಲಾರನು. ವಾರಕ್ಕೊಮ್ಮೆ ಮಕ್ಕಳೊಡನೆ ಬಯಲಿಗಿಳಿದು ಆಡುವ ಅಭ್ಯಾಸ ಎಷ್ಟೋ ಉಪದೇಶಗಳಿಗಿಂತ ಮೇಲಾದುದು.

ಆಚರಣೆಗೆ ಬೇಕಾದುದು ಬಹಳವಿಲ್ಲ. ಮನೆಯಿಂದ ಹೊರಡುವಾಗ ಗೆದ್ದು ಬಾ ಎನ್ನುವುದರ ಬದಲು ಚೆನ್ನಾಗಿ ಆಡಿ ಬಾ ಎನ್ನುವುದು. ಬಯಲಿನಲ್ಲಿ ಮಗುವಿಗೆ ಕಾಣುವಂತೆ ಕುಳಿತು, ಹೇಳುವುದನ್ನು ತರಬೇತುದಾರನಿಗೆ ಬಿಡುವುದು. ಎರಡೂ ಕಡೆಯ ಒಳ್ಳೆಯ ಆಟಕ್ಕೆ ಕೈತಟ್ಟುವುದು. ಪಂದ್ಯ ಮುಗಿದ ಮೇಲೆ ತೀರ್ಪುಗಾರನಿಗೂ ಎದುರು ತಂಡದ ಹಿರಿಯರಿಗೂ ಶರಣು ಹೇಳುವುದು. ಮರಳುವ ಹಾದಿಯಲ್ಲಿ ಮಗು ತಾನಾಗಿ ಮಾತೆತ್ತುವವರೆಗೆ ಕಾಯುವುದು. ಇಷ್ಟನ್ನು ನಡೆಸಲು ಹಣವೂ ವಿದ್ಯೆಯೂ ಬೇಕಾಗಿಲ್ಲ. ನಾಲಗೆಯ ಮೇಲೆ ಹಿಡಿತವಿದ್ದರೆ ಸಾಕು. ಮೇಲೆ ನೋಡಿದರೆ ಸಣ್ಣದಾದ ಈ ಹಿಡಿತವೇ ಸಾಧನೆಯ ಕಠಿನವಾದ ಭಾಗವೆಂಬುದನ್ನು ಬಯಲಿನ ಅಂಚಿನಲ್ಲಿ ಒಮ್ಮೆ ನಿಂತವರು ಬಲ್ಲರು.

ಮಕ್ಕಳು ಹೆತ್ತವರ ಮೂಲಕ ಲೋಕಕ್ಕೆ ಬಂದವರು, ಆದರೆ ಶಿವನ ಒಡವೆ. ಪರರ ಒಡವೆಯನ್ನು ಕಾಪಾಡುವವನಿಗೆ ಎಷ್ಟು ಎಚ್ಚರ, ಎಷ್ಟು ನಯ ಇರಬೇಕೋ ಅಷ್ಟು ಎಚ್ಚರ, ಅಷ್ಟು ನಯ ಮಕ್ಕಳ ವಿಷಯದಲ್ಲಿ ಇರತಕ್ಕದ್ದು. ಪದಕಗಳು ಕಾಲಾಂತರದಲ್ಲಿ ಕಪ್ಪಾಗುತ್ತವೆ. ಪ್ರಶಸ್ತಿಪತ್ರಗಳನ್ನು ಗೆದ್ದಲು ತಿನ್ನುತ್ತದೆ. ಸೋತ ಸಂಜೆ ತಾಯಿ ಏನೂ ಕೇಳದೆ ಬಡಿಸಿದ ಬಿಸಿ ಅನ್ನವನ್ನು ಮಗು ಮರೆಯುವುದಿಲ್ಲ. ಅದೇ ಮಗು ಬೆಳೆದು ಗೃಹಸ್ಥನಾಗಿ ತನ್ನ ಮಕ್ಕಳ ಬಯಲಿನ ಅಂಚಿನಲ್ಲಿ ನಿಂತಾಗ, ಹೇಗೆ ನಿಲ್ಲಬೇಕೆಂಬುದನ್ನು ಅದಕ್ಕೆ ಯಾರೂ ಕಲಿಸಬೇಕಾಗುವುದಿಲ್ಲ.